ಬಾಗಿಲಲ್ಲಿ ಬಲಗಾಲು

ನನ್ನನ್ನು ಕಮಾಂಡೋ ಎಂದು ಮೊದಲು ಕರೆದವರು ಪಾಣೆಮಂಗಳೂರು ಕಡೆಯ ಒಂದು ಶಾಲೆಯ ಹೆಡ್ಮಾಸ್ಟರು. ಮಿಲಿಟರಿಯಿಂದ ನಿವೃತ್ತನಾಗಿ ಊರಿಗೆ ಬಂದ ವರ್ಷವೇ ಸ್ವಾತಂತ್ರ್ಯ ದಿನಕ್ಕೆ ನನ್ನನ್ನು ಕರೆಸಿದರು. ಶಾಲು ಹೊದೆಸಿ, ಎರಡೂ ಕೈಗೆ ಹಣ್ಣಿನ ತಟ್ಟೆ ಕೊಟ್ಟು, ಮೈಕಿನ ಮುಂದೆ ಹೋಗಿ, "ವಿಮಾನದಿಂದ ಹಾರುವ ಕಮಾಂಡೋ ಇವತ್ತು ನಮ್ಮ ನಡುವೆ ಇದ್ದಾರೆ" ಎಂದುಬಿಟ್ಟರು. ಮಕ್ಕಳು ಚಪ್ಪಾಳೆ ಹೊಡೆದರು. ಆಗಲೇ ತಿದ್ದಬೇಕಿತ್ತು, ತಿದ್ದಲಿಲ್ಲ. ಅಷ್ಟು ಹಣ್ಣು ಕೊಟ್ಟವರ ಮಾತನ್ನು ಅಲ್ಲಗಳೆಯುವುದು ಸರಿ ಕಾಣಲಿಲ್ಲ. ಅಂದಿನಿಂದ ಗುರುವಾಯನಕೆರೆಯ ನನ್ನ ಹೋಟೆಲಿಗೆ ಬರುವವರೆಲ್ಲ "ಕಮಾಂಡೋ, ಒಂದು ಪ್ಲೇಟ್ ಬನ್ಸ್" ಎನ್ನುತ್ತಾರೆ.

ನಾನು ಅಡುಗೆಯವ. ಹದಿನೇಳು ವರ್ಷ ಮಿಲಿಟರಿಯಲ್ಲಿ ಚಪಾತಿ ಲಟ್ಟಿಸಿ, ಬೇಳೆ ಬೇಯಿಸಿ, ದೊಡ್ಡ ಹಂಡೆಗಳ ತಳ ಕೆರೆದವ. ಆದರೆ ಹೆಡ್ಮಾಸ್ಟರು ಪೂರ್ತಿ ಸುಳ್ಳನ್ನೂ ಹೇಳಿರಲಿಲ್ಲ. ನನ್ನನ್ನು ಹಾಕಿದ್ದು ಪ್ಯಾರಾಶೂಟ್ ಪಡೆಯೊಂದಕ್ಕೆ. ಅಂಥ ಪಡೆಯಲ್ಲಿ ಬಂದೂಕು ಹಿಡಿಯುವವರು ಮಾತ್ರವಲ್ಲ, ದರ್ಜಿ, ಕ್ಷೌರಿಕ, ಅಡುಗೆಯವ ಎಲ್ಲರೂ ಹಾರಲು ಕಲಿಯಲೇಬೇಕು. ನನ್ನಂಥವನಿಗೆ ಇದೆಲ್ಲ ಯಾಕೆ ಎಂದು ಬಂದ ಹೊಸದರಲ್ಲಿ ಹವಾಲ್ದಾರರನ್ನು ಕೇಳಿದ್ದೆ. "ಹಾರಿ ಇಳಿದವರಿಗೆ ಹಸಿವಾಗುವುದಿಲ್ಲವಾ? ನೀನು ಹಿಂದಿನಿಂದ ರೈಲಿನಲ್ಲಿ ಬರುತ್ತೀಯಾ?" ಎಂದು ಅವರು ಕೇಳಿದರು. ಮುಂದಿನ ತಿಂಗಳು ಪೆಟ್ಟಿಗೆ ಕಟ್ಟಿಕೊಂಡು ಉತ್ತರದ ಪ್ಯಾರಾಶೂಟ್ ಶಾಲೆಗೆ ಹೊರಟೆ.

ಹಾಗಾಗಿ ಕಮಾಂಡೋ ಎನ್ನುವುದು ಅಂಥ ದೊಡ್ಡ ತಪ್ಪಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಮನಸ್ಸನ್ನು ಕೊರೆಯುತ್ತಿದ್ದ ವಿಷಯ ಬೇರೆ. ಮೊದಲ ಸಲ ವಿಮಾನದ ಬಾಗಿಲಿನಿಂದ ನಾನಾಗಿ ಹಾರಿದೆನೋ, ಯಾರೋ ತಳ್ಳಿದರೋ, ನನಗೆ ಗೊತ್ತಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕಳೆದ ವರ್ಷ ಮಳೆ ಬಿಟ್ಟ ಮೇಲೆ ತಂಗಿಯ ಮಗಳು ಒಂದು ಕಾಗದ ಹಿಡಿದುಕೊಂಡು ಹೋಟೆಲಿಗೆ ಬರುವವರೆಗೆ.

ಅವಳು ಮೂಡುಬಿದಿರೆಯ ಕಾಲೇಜಿನಲ್ಲಿ ಎರಡನೆಯ ವರ್ಷದ ಡಿಗ್ರಿ ಓದುತ್ತಿದ್ದಳು. ಮೊದಲ ವರ್ಷದಿಂದಲೇ ಕೆಡೆಟ್. ಬೆಳಗಾಗುವ ಮೊದಲೇ ಎದ್ದು ಓಡುವ, ಬೂಟಿಗೆ ಪಾಲಿಶ್ ಹಾಕಿ ಅದರಲ್ಲಿ ಮುಖ ನೋಡಿಕೊಳ್ಳುವ ಜಾತಿ. ಕೆಡೆಟ್‌ಗಳನ್ನು ಪ್ಯಾರಾಶೂಟ್ ತರಬೇತಿಗೆ ಉತ್ತರಕ್ಕೆ ಕಳಿಸುವ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಹೋಗಬೇಕಾದರೆ ಮನೆಯವರ ಒಪ್ಪಿಗೆಯ ಸಹಿ ಬೇಕು. ಸೋಮವಾರದೊಳಗೆ ಕಾಗದ ಕೊಡದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಅವಕಾಶ. ಗಲ್ಫಿನಲ್ಲಿರುವ ಅವಳ ಅಪ್ಪ ಫೋನಿನಲ್ಲಿ, "ಮಾವನನ್ನು ಕೇಳು, ಅವರಿಗೆ ಗೊತ್ತುಂಟು" ಎಂದಿದ್ದರು. ನಾರಾವಿಯಲ್ಲಿರುವ ನನ್ನ ತಂಗಿ, "ಅಣ್ಣ ಹೂಂ ಅಂದರೆ ಹಾಕ್ತೇನೆ" ಎಂದಿದ್ದಳು. ನಮ್ಮಲ್ಲಿ ತಂಗಿಯ ಮಕ್ಕಳ ವಿಷಯದಲ್ಲಿ ಸೋದರಮಾವನ ಮಾತಿಗೆ ಮೊದಲಿನಿಂದಲೂ ತೂಕ ಹೆಚ್ಚು. ಮದುವೆಯಾದರೂ ಅವನನ್ನು ಕೇಳಬೇಕು, ಓದಿಸುವುದಾದರೂ ಅವನನ್ನು ಕೇಳಬೇಕು. ಈಗ ವಿಮಾನದಿಂದ ಹಾರುವುದಕ್ಕೂ.

"ಮಾವ, ನೀವು ಅಮ್ಮನಿಗೆ ಒಂದು ಫೋನ್ ಮಾಡಿ ಹೇಳಿದರೆ ಆಯಿತು" ಎಂದಳು.

"ನೋಡುವ" ಎಂದೆ.

ಅವಳ ಮುಖ ಸಣ್ಣದಾಯಿತು. ಬನ್ಸ್ ಕೊಟ್ಟೆ, ತಿನ್ನಲಿಲ್ಲ. ಇಡೀ ಊರು ಕಮಾಂಡೋ ಎಂದು ಕರೆಯುವ ಮಾವ ಸಂತೋಷದಿಂದ ಕುಣಿದಾನು ಎಂದುಕೊಂಡು ಬಂದಿರಬೇಕು. ನನಗೆ ಹೂಂ ಎನ್ನಲೂ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬಾಯಿ ಬರಲಿಲ್ಲ.

ಆ ಶಾಲೆಯಲ್ಲಿ ಮೊದಲ ದಿನಗಳೆಲ್ಲ ಕೆಳಗೆ ಬೀಳುವ ಪಾಠ. ಎರಡೂ ಪಾದ ಜೋಡಿಸಬೇಕು, ಮಂಡಿ ಜೋಡಿಸಬೇಕು, ಗಲ್ಲವನ್ನು ಎದೆಗೆ ಒತ್ತಬೇಕು, ಮೊಣಕೈ ಒಳಗೆ. ನೆಲ ತಾಗಿದ ಕೂಡಲೇ ಮೀನಖಂಡ, ತೊಡೆ, ಸೊಂಟ, ಬೆನ್ನಿನ ಬದಿ, ಹೀಗೆ ಒಂದೊಂದಾಗಿ ನೆಲಕ್ಕೆ ಕೊಟ್ಟು ಉರುಳಬೇಕು. ಕಾಲು ಅಗಲಿಸಿದರೆ ಒಂದು ಕಾಲು ಹೋಯಿತೆಂದೇ ಲೆಕ್ಕ. ಮೊದಲು ಸೊಂಟದೆತ್ತರದ ಕಟ್ಟೆಯಿಂದ, ಆಮೇಲೆ ಆಳೆತ್ತರದಿಂದ. ಒಂದು ದಿನ ಬಾವಿಯ ರಾಟೆಗೆ ಕಟ್ಟಿದ ಕೊಡಪಾನದ ಹಾಗೆ ಪಟ್ಟಿಗಳಲ್ಲಿ ನೇತುಹಾಕಿ ತೂಗಿಸಿದರು. ಮತ್ತೊಂದು ದಿನ ಎತ್ತರದ ಗೋಪುರದ ಮೇಲೆ ಹತ್ತಿಸಿ, ತಂತಿಗೆ ಸಿಕ್ಕಿಸಿ, ಹಾರು ಎಂದರು. ಗಟ್ಟಿ ಗಟ್ಟಿ ಆಳುಗಳೆಲ್ಲ ಅಲ್ಲಿ ಬೆವತರು. "ಇಲ್ಲಿಂದ ನೆಲ ನೆಲದ ಹಾಗೆಯೇ ಕಾಣುತ್ತದೆ, ಅದಕ್ಕೆ ಹೆದರಿಕೆ. ವಿಮಾನದಿಂದ ನಕ್ಷೆಯ ಹಾಗೆ ಕಾಣುತ್ತದೆ, ಏನೂ ಅನಿಸುವುದಿಲ್ಲ" ಎಂದು ಉಸ್ತಾದರು, ಎಂದರೆ ನಮಗೆ ಕಲಿಸುವವರು, ಧೈರ್ಯ ಹೇಳಿದರು. ನಾನು ನಂಬಿದೆ. ನನ್ನ ಸ್ವಭಾವವೇ ಹಾಗೆ.

ಮೈದಾನದಲ್ಲಿ ರೆಕ್ಕೆಯಿಲ್ಲದ ವಿಮಾನದ ಹೊಟ್ಟೆಯೊಂದನ್ನು ಇಟ್ಟಿದ್ದರು. ಅದರೊಳಗೆ ದಿನವಿಡೀ ಅಭ್ಯಾಸ. ಏಳು, ನಿನ್ನ ಪಟ್ಟಿಯ ಕೊಕ್ಕೆಯನ್ನು ಮೇಲಿನ ತಂತಿಗೆ ಸಿಕ್ಕಿಸು, ಮುಂದಿನವನ ಬೆನ್ನಿನ ಚೀಲ ಸರಿಯಿದೆಯೇ ನೋಡು, ಕೂಗಿ ಹೇಳು. ಕೆಂಪು ದೀಪ. ಹಸಿರು ದೀಪ. ಹೋಗು. ಆ ಕೊಕ್ಕೆಯ ಪಟ್ಟಿ ಪ್ಯಾರಾಶೂಟನ್ನು ತಾನಾಗಿ ಎಳೆದು ಬಿಚ್ಚುತ್ತದೆ, ನಮ್ಮ ಕೆಲಸ ಬಾಗಿಲು ದಾಟುವುದು ಮಾತ್ರ. ನಮ್ಮದು ಎಡಬದಿಯ ಬಾಗಿಲು. ಎಡಗಾಲನ್ನು ಅಂಚಿಗೆ ಇಟ್ಟು ಹೊರಗೆ ಜಿಗಿಯಬೇಕು ಎಂದು ಕಲಿಸಿದರು.

ನನಗೆ ತೊಡಕಾದದ್ದು ಅಲ್ಲಿಯೇ. ನಾನು ಹೊಸ್ತಿಲು ದಾಟುವಾಗೆಲ್ಲ ಅಮ್ಮ ಹಿಂದಿನಿಂದ "ಬಲಗಾಲು" ಎನ್ನುತ್ತಿದ್ದರು. ಪರೀಕ್ಷೆಗೆ ಹೋಗುವಾಗ ಬಲಗಾಲು, ಬಸ್ಸು ಹತ್ತುವಾಗ ಬಲಗಾಲು, ಮಿಲಿಟರಿಗೆ ಹೊರಟ ದಿನ ಎಡಗಾಲು ಮುಂದಾಯಿತೆಂದು ವಾಪಸು ಕರೆದು, ಒಂದು ಲೋಟ ನೀರು ಕುಡಿಸಿ, ಮತ್ತೆ ಹೊರಡಿಸಿದ್ದರು. ಸುಳ್ಳು ವಿಮಾನದ ಬಾಗಿಲಿಗೆ ಬಂದರೆ ಸಾಕು, ನನ್ನ ಬಲಗಾಲು ತಾನಾಗಿ ಮುಂದೆ ಬರುತ್ತಿತ್ತು. "ಏ ಅಡುಗೆಯವ, ಎಡ" ಎಂದು ಉಸ್ತಾದರು ಗದರುತ್ತಿದ್ದರು. ಎರಡು ಸಲ ಬೆನ್ನಿಗೆ ಚೀಲ ಹೊರಿಸಿ ಮೈದಾನ ಸುತ್ತು ಹಾಕಿಸಿದರು. ಆಮೇಲೆ ಕಲಿತೆ. ನೂರು ಸಲ ಎಡಗಾಲನ್ನೇ ಇಟ್ಟೆ.

ಬಾಗಿಲಲ್ಲಿ ನಿಂತು ಆಗುವುದಿಲ್ಲ ಎಂದವನಿಗೆ ಅಲ್ಲಿ ಯಾರೂ ಬೈಯುವುದಿಲ್ಲ. ಕೊಕ್ಕೆ ಬಿಚ್ಚಿ, ವಿಮಾನದ ಮುಂಭಾಗದಲ್ಲಿ ಕೂರಿಸುತ್ತಾರೆ. ವಿಮಾನದ ಜೊತೆಗೇ ಅವನು ಇಳಿಯುತ್ತಾನೆ. ಉಳಿದವರು ಪ್ಯಾರಾಶೂಟ್ ಸುತ್ತಿಕೊಂಡು ಬ್ಯಾರಕಿಗೆ ಬರುವಾಗ ಅವನ ಮಂಚದ ಮೇಲೆ ಹಾಸಿಗೆ ಇರುವುದಿಲ್ಲ. ನಮಗಿಂತ ಹಿಂದಿನ ತಂಡದವರ ಕೋಣೆಯಲ್ಲಿ ಅಂಥ ಒಂದು ಬರಿಯ ಮಂಚವನ್ನು ನೋಡಿದ್ದೆ. ಆಕಾಶಕ್ಕಿಂತ ಹೆಚ್ಚು ಆ ಮಂಚಕ್ಕೆ ಹೆದರಿದ್ದೆ. ನಾರಾವಿಗೆ ಹೋಗಿ ಅಮ್ಮನಿಗೆ ಏನು ಹೇಳುವುದು?

ಆ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ವಿಮಾನದ ಬಾಗಿಲು ತೆರೆದಾಗ ಬಂದ ಸದ್ದಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲ. ಸಾಲಿನಲ್ಲಿ ನಾನು ಆರನೆಯವ. ನನ್ನ ಹಿಂದೆ ನಮ್ಮ ಪಡೆಯ ದರ್ಜಿ. ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದೆವು. ಹಸಿರು ದೀಪ ಬಂತು. ಮುಂದಿನವರು ಒಬ್ಬೊಬ್ಬರಾಗಿ ಇಲ್ಲವಾದರು. ನಾನು ಬಾಗಿಲಿಗೆ ಬಂದೆ, ಎಡಗಾಲನ್ನು ಅಂಚಿಗೆ ಇಟ್ಟೆ. ಕೆಳಗೆ ನಕ್ಷೆ ಇರಲಿಲ್ಲ. ನೆಲವೇ ಇತ್ತು.

ಆಗ ಎಡಗಾಲು ಹಿಂದಕ್ಕೆ ಬಂತು. ಅದು ನನಗೆ ಸರಿಯಾಗಿ ನೆನಪಿದೆ. ಬಲಗಾಲು ಎಂದುಕೊಂಡೆ. ಅಮ್ಮನ ಮಾತಿಗೆ ಬೆಲೆ ಕೊಟ್ಟು ಕಾಲು ಬದಲಿಸಲು ಹೊರಟೆನೋ, ಹೆದರಿ ಹಿಂದೆ ಸರಿದವನು ಅಮ್ಮನ ಮಾತನ್ನು ನೆಪ ಮಾಡಿಕೊಂಡೆನೋ, ಇಂದಿಗೂ ಬಗೆಹರಿದಿಲ್ಲ. ಬೆನ್ನಿನ ಚೀಲದ ಮೇಲೆ ಒಂದು ಅಂಗೈ ಇದ್ದ ನೆನಪು. ಅದು ಉಸ್ತಾದರದೋ, ದರ್ಜಿಯದೋ ತಿಳಿಯದು. ಆಮೇಲೆ ಗಾಳಿಯ ಏಟು. ನಾಲ್ಕರವರೆಗೆ ಎಣಿಸಿ ಮೇಲೆ ನೋಡಬೇಕು ಎಂದು ಕಲಿಸಿದ್ದರು. ನಾನು ಎಣಿಸಲು ಶುರು ಮಾಡಿದ್ದೇ ತಲೆಯ ಮೇಲೆ ಪ್ಯಾರಾಶೂಟ್ ಬಿಚ್ಚಿಕೊಂಡ ಮೇಲೆ. ಸದ್ದೆಲ್ಲ ನಿಂತುಹೋಗಿತ್ತು. ಯಾರೂ ಇಲ್ಲದ ಆಕಾಶದಲ್ಲಿ ಪೆದ್ದನ ಹಾಗೆ ಒಂದು, ಎರಡು ಎನ್ನುತ್ತಿದ್ದೆ.

ಇಳಿದದ್ದು ಸರಿಯಾಗಿಯೇ ಇಳಿದೆ. ಸಂಜೆ ಯಾರೂ ಏನೂ ಹೇಳಲಿಲ್ಲ. ನನ್ನ ಮಂಚದ ಮೇಲೆ ಹಾಸಿಗೆ ಇತ್ತು. ಐದು ಹಾರಾಟ ಮುಗಿದ ಮೇಲೆ ಎಲ್ಲರ ಎದೆಗೂ ರೆಕ್ಕೆಯ ಬಿಲ್ಲೆ ಚುಚ್ಚಿದರು. ನನ್ನ ಎದೆಗೂ ಚುಚ್ಚಿದರು. ತಂಗಿಗೆ ಹೂಂ ಎನ್ನುವ ಮೊದಲು ಆ ಬಿಲ್ಲೆ ನನ್ನದು ಹೌದೋ ಅಲ್ಲವೋ ಎಂದು ನನಗೆ ತಿಳಿಯಬೇಕಿತ್ತು. ತಳ್ಳಿಸಿಕೊಂಡು ಹಾರಿದವನು ಇನ್ನೊಬ್ಬರ ಮಗಳಿಗೆ ಹಾರು ಎನ್ನುವುದು ಹೇಗೆ?

ಶನಿವಾರ ತಂಗಿ ಕಾಗದವನ್ನು ಚೀಲದಲ್ಲಿಟ್ಟುಕೊಂಡು ನಾರಾವಿಯಿಂದ ಬಸ್ಸಿನಲ್ಲಿ ಬಂದಳು. ಹುಡುಗಿ ಮೂಡುಬಿದಿರೆಯಿಂದ ಬಂದಳು. ಹೋಟೆಲಿನ ಹಿಂದೆ ಒಂದು ಕೋಣೆ ಕಟ್ಟಲೆಂದು ಹೊಯಿಗೆ, ಎಂದರೆ ಮರಳು, ತರಿಸಿ ರಾಶಿ ಹಾಕಿದ್ದೆ. ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಹತ್ತಿ ಹುಡುಗಿ, "ಮಾವ, ಹೇಗೆ ಬೀಳುವುದು ತೋರಿಸಿ" ಎಂದಳು. ನನ್ನ ಹೊಟ್ಟೆ ಈಗ ನನಗಿಂತ ಮೊದಲು ನೆಲ ಮುಟ್ಟುವ ಸ್ಥಿತಿಯಲ್ಲಿದೆ. ಬಾಯಿಯಲ್ಲೇ ಹೇಳಿಕೊಟ್ಟೆ. ಪಾದ ಜೋಡಿಸು, ಮಂಡಿ ಜೋಡಿಸು, ಕೆಳಗೆ ನೋಡಬೇಡ. ಹತ್ತು ಸಲ ಹಾರಿದಳು. ಕೂದಲಲ್ಲೆಲ್ಲ ಹೊಯಿಗೆ. ಒಂದು ವಾರದಲ್ಲಿ ನಾನು ಕಲಿತದ್ದನ್ನು ಅರ್ಧ ಗಂಟೆಯಲ್ಲಿ ಕಲಿತಳು. ಚಹಾದ ಗ್ಲಾಸು ಹಿಡಿದುಕೊಂಡೇ ಗಿರಾಕಿಗಳು ಹಿಂದಕ್ಕೆ ಬಂದು ನಿಂತರು. "ಕಮಾಂಡೋನ ರಕ್ತ ಅಲ್ಲವಾ ಮಾರಾಯ" ಎಂದು ಒಬ್ಬರು ರಿಕ್ಷಾದವರು ಹೇಳಿದರು. ನನಗೆ ಸಿಟ್ಟು ಬಂತು. ಎಲ್ಲರನ್ನೂ ಅಲ್ಲಿಂದ ಓಡಿಸಿದೆ.

ಹುಡುಗಿ ಹೊಯಿಗೆ ಕೊಡವಿಕೊಳ್ಳುತ್ತ ಕೇಳಿದಳು: "ಮಾವ, ಬಾಗಿಲಲ್ಲಿ ನಿಂತಾಗ ಎಂತ ಅನಿಸ್ತದೆ?"

ತಂಗಿ ಹಿಂದಿನ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಂತದೂ ಅನಿಸುವುದಿಲ್ಲ" ಎಂದೆ. ಶಾಲೆಗಳಲ್ಲಿ ಮಕ್ಕಳು ಕೇಳಿದಾಗ ಹೇಳುವುದೂ ಅದನ್ನೇ. ಬಾಯಿಪಾಠವಾಗಿಬಿಟ್ಟಿದೆ.

ತಂಗಿ ಕೈಯಲ್ಲಿದ್ದ ಕಾಗದವನ್ನು ಮಡಚಿ ಚೀಲದೊಳಗೆ ಇಟ್ಟಳು. "ಇನ್ನೂ ಸೋಮವಾರದವರೆಗೆ ಉಂಟಲ್ಲ, ನೋಡುವ" ಎಂದು ನಾರಾವಿಯ ಬಸ್ಸಿಗೆ ಹೊರಟಳು. ಹುಡುಗಿ ಅಮ್ಮನ ಹಿಂದೆ ಹೋದಳು. ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

ಭಾನುವಾರ ಮಧ್ಯಾಹ್ನ ಹೋಟೆಲ್ ಮುಚ್ಚಿ ದರ್ಜಿಗೆ ಫೋನ್ ಮಾಡಿದೆ. ಅವನು ಈಗ ಉತ್ತರದ ತನ್ನ ಊರಿನಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾನೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ದೀಪದ ಚಿತ್ರ ಕಳಿಸುವುದು ಬಿಟ್ಟರೆ ನಮ್ಮಿಬ್ಬರ ನಡುವೆ ಹೆಚ್ಚು ಮಾತಿಲ್ಲ. ಹೆಂಡತಿ, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿದ ಮೇಲೆ ನೇರವಾಗಿ ಕೇಳಿದೆ: ಮೊದಲನೆಯ ದಿನ ಬಾಗಿಲಲ್ಲಿ ನನ್ನನ್ನು ತಳ್ಳಿದ್ದು ನೀನಾ?

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನಮ್ಮ ಮಾತೆಲ್ಲ ಹಿಂದಿಯಲ್ಲಿ.

"ನಾನಾ? ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಿನ್ನ ಬೆನ್ನಿನ ಚೀಲಕ್ಕೆ ಕೈ ಆನಿಸಿಕೊಂಡು ಬರುತ್ತಿದ್ದೆ, ಅಷ್ಟೇ. ನೀನು ಹೋದೆ, ನಾನೂ ಹೋದೆ."

"ನಾನು ನಿಂತದ್ದು ಗೊತ್ತಾಗಲಿಲ್ಲವಾ?"

"ನೀನು ನಿಂತೆಯಾ?" ಎಂದು ಅವನೇ ಕೇಳಿದ. "ನೀನು ನನ್ನನ್ನು ಎಳೆದುಕೊಂಡು ಹೋದೆ ಎಂದು ಇಷ್ಟು ವರ್ಷ ಹೆಂಡತಿಗೆ ಹೇಳುತ್ತಾ ಬಂದಿದ್ದೇನೆ. ಮುಂದೆ ನೀನಿಲ್ಲದಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ."

ನಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಒಂದು ಸಾಕ್ಷಿ ಇದೆ ಎಂದುಕೊಂಡಿದ್ದೆ, ಅವನು ಕಣ್ಣು ಮುಚ್ಚಿಕೊಂಡಿದ್ದನಂತೆ. ಅವನ ಮನೆಯಲ್ಲಿ ನಾನು ಧೈರ್ಯಶಾಲಿ. ಯಾರು ಯಾರನ್ನು ತಳ್ಳಿದರು, ಯಾರು ಯಾರನ್ನು ಎಳೆದರು ಎಂದು ಯೋಚಿಸಿ ತಲೆ ಇನ್ನಷ್ಟು ಕೆಟ್ಟಿತು. ನಾಲ್ಕು ಗಂಟೆಯ ಬಸ್ಸಿಗೆ ನಾರಾವಿಗೆ ಹೋದೆ. ಏನು ಹೇಳಲು ಹೋಗುತ್ತಿದ್ದೇನೆ ಎಂದು ಬಸ್ಸಿನಲ್ಲಿ ಕೂತ ಮೇಲೂ ಗೊತ್ತಿರಲಿಲ್ಲ.

ತಂಗಿ ಚಾವಡಿಯಲ್ಲಿ ಕೂತು ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಗಂಡ ಗಲ್ಫಿನಲ್ಲಿದ್ದರೂ ಅವಳು ಬೀಡಿ ಬಿಟ್ಟಿಲ್ಲ, ಕೈ ಸುಮ್ಮನಿದ್ದರೆ ತಲೆನೋವು ಬರುತ್ತದೆ ಎನ್ನುತ್ತಾಳೆ. ಹುಡುಗಿ ಮೆಟ್ಟಿಲ ಮೇಲೆ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಹೆದರಿದ್ದು, ಎಡಗಾಲು ಹಿಂದೆ ಬಂದದ್ದು, ಬೆನ್ನ ಮೇಲಿನ ಕೈ, ದರ್ಜಿಯ ಮಾತು. "ನಾನು ಹಾರಿದ್ದು ಹೌದಾ ಅಲ್ಲವಾ ಅಂತಲೇ ನನಗೆ ಗೊತ್ತಿಲ್ಲ. ಮತ್ತೆ ನಾನು ಹೂಂ ಅನ್ನುವುದು ಹೇಗೆ ಮಾರಾಯ್ತಿ?" ಎಂದೆ. ತಂಗಿಯ ಕೈ ಎಲೆ ಸುತ್ತುವುದನ್ನು ನಿಲ್ಲಿಸಲಿಲ್ಲ.

ಹುಡುಗಿ ಬೂಟನ್ನು ಕೆಳಗಿಟ್ಟಳು. "ಎರಡನೆಯ ಸಲ, ಮಾವ?"

"ಎರಡನೆಯ ಸಲ ಇನ್ನೂ ಹೆಚ್ಚು ಹೆದರಿಕೆ. ಮೊದಲ ಸಲ ಎಂತ ಉಂಟು ಅಂತ ಗೊತ್ತಿರಲಿಲ್ಲ, ಎರಡನೆಯ ಸಲ ಗೊತ್ತಿತ್ತು. ಆ ಕೈ ಎಲ್ಲಿ ಬರ್ತದೋ ಅಂತ ಅದು ಬರುವ ಮೊದಲೇ ಹಾರಿಬಿಟ್ಟೆ."

"ಯಾವ ಕಾಲಿಟ್ಟು?"

"ಎಡಗಾಲು."

ತಂಗಿ ತಲೆಯೆತ್ತಿದಳು. "ಎಡಗಾಲು ಅಂತ ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ. ಬಲಗಾಲು ಅಂತಲೇ ಹೇಳಿದ್ದೆ."

ಅವಳು ನಕ್ಕಳು. ಅಮ್ಮ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಆ ಸುಳ್ಳು ನಮ್ಮಿಬ್ಬರ ನಡುವೆ ಹೊರಗೆ ಬಂದಿತ್ತು, ನನಗೂ ನಗು ಬಂತು. ಆಮೇಲೆ ಅವಳು ಗೆರಸೆ ಬದಿಗಿಟ್ಟು, ಮಗಳ ಹತ್ತಿರ ಪೆನ್ನು ಕೇಳಿದಳು.

"ನಾನು ಹಾಕು ಅಂತ ಹೇಳಲೇ ಇಲ್ಲವಲ್ಲ" ಎಂದೆ.

"ನಿನ್ನೆ ಎಂತದೂ ಅನಿಸುವುದಿಲ್ಲ ಅಂದೆಯಲ್ಲ ಅಣ್ಣ, ಆಗ ನನಗೆ ಹೆದರಿಕೆ ಆದದ್ದು. ಸುಳ್ಳು ಹೇಳ್ತಿದ್ದಿ ಅಂತ ಗೊತ್ತಾಯಿತು, ಎಂತದನ್ನು ಮುಚ್ಚಿಡ್ತಿದ್ದಿ ಅಂತ ಗೊತ್ತಾಗಲಿಲ್ಲ. ಈಗ ಗೊತ್ತಾಯಿತು. ಇಷ್ಟೇ ಆದರೆ ಹೋಗಿ ಬರಲಿ."

ಸಹಿ ಹಾಕಿದಳು. ಹೊಗೆಸೊಪ್ಪಿನ ಬೆರಳಿನ ಕಂದು ಗುರುತು ಕಾಗದದ ಮೂಲೆಯಲ್ಲಿ ಉಳಿಯಿತು. ಹುಡುಗಿ ಅದನ್ನು ಒರೆಸಲು ಹೋಗಿ ಇನ್ನಷ್ಟು ಹರಡಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಹೆದರಿಕೆ ಕೇಳಿ ಬೇಡ ಎಂದಾಳು ಎಂದು ಒಳಗೊಳಗೇ ಆಸೆ ಇತ್ತೇನೋ. ಅದೂ ಸರಿಯಾಗಿ ಗೊತ್ತಿಲ್ಲ.

ಹೊರಡುವ ದಿನ ಅವಳ ಜೊತೆ ನಾನೂ ತಂಗಿಯೂ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿಗೆ ಹೋದೆವು. ಬೇರೆ ಕಾಲೇಜುಗಳ ಕೆಡೆಟ್‌ಗಳು ಮಂಗಳೂರಿನಲ್ಲಿ ಸೇರುವುದೆಂದು ಮಾತಾಗಿತ್ತು. ಹುಡುಗಿ ಖಾಕಿ ಹಾಕಿದ್ದಳು. ಬೆನ್ನ ಮೇಲೆ ಅವಳಷ್ಟೇ ದೊಡ್ಡ ಚೀಲ. ತಂಗಿ ಅವಲಕ್ಕಿಯ ಪೊಟ್ಟಣವನ್ನು ಅದರ ಬದಿಗೆ ತುರುಕಿದಳು. ನಾನು ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಹೇಳಿದ್ದು ಮಾತ್ರ, "ಪಾದ ಜೋಡಿಸು, ಕೆಳಗೆ ನೋಡಬೇಡ." ಅವಳು ಹೂಂಗುಟ್ಟಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಹೆದರಿದ್ದಾಳೆ ಎಂದು ಕಂಡಾಗ ಬೇಡ, ಮನೆಗೆ ಹೋಗುವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು.

ಅದು ಎಕ್ಸ್‌ಪ್ರೆಸ್, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು "ಬೇಗ ಬೇಗ" ಎನ್ನುತ್ತಿದ್ದರು. ಹಿಂದೆ ಜನ ನೂಕುತ್ತಿದ್ದರು. ಹುಡುಗಿ ಕಂಬಿ ಹಿಡಿದು ಎಡಗಾಲನ್ನು ಮೆಟ್ಟಿಲಿಗೆ ಇಟ್ಟಳು.

"ಬಲಗಾಲು" ಎಂದಳು ತಂಗಿ. ಅಮ್ಮನದೇ ಸ್ವರ.

ಹುಡುಗಿಯ ಎಡಗಾಲು ಕೆಳಗೆ ಬಂತು. ಅವಳು ನಿಂತಳು. ಕಾಲು ಬದಲಿಸಲು ನಿಂತಳೋ, ಸುಮ್ಮನೆ ನಿಂತಳೋ. ನಾನು ಅವಳ ಹಿಂದೆಯೇ ಇದ್ದೆ. ಚೀಲ ಬಾಗಿಲಿಗೆ ಸಿಕ್ಕಿಕೊಳ್ಳಬಾರದೆಂದು ಅದಕ್ಕೆ ಕೈ ಕೊಟ್ಟಿದ್ದೆ. ಅರೆಕ್ಷಣ. ಮತ್ತೆ ನೋಡುವಾಗ ಅವಳು ಮೇಲಿದ್ದಳು. "ರೈಟ್, ಪೋಯಿ" ಎಂದು ಕಂಡಕ್ಟರು ಹೊರಡಲು ಕೂಗಿದರು. ಕಿಟಕಿಯಲ್ಲಿ ಒಂದು ಕೈ ಬೀಸಿತು, ಬಸ್ಸು ಹೊರಟುಹೋಯಿತು.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೊನೆಗೆ ಯಾವ ಕಾಲು ಇಟ್ಟಳು ಅಣ್ಣ? ನನಗೆ ಕಾಣಲಿಲ್ಲ" ಎಂದಳು.

"ಬಲಗಾಲು" ಎಂದೆ.

ನಾನೂ ನೋಡಿರಲಿಲ್ಲ. ಅವಳ ಚೀಲದ ಮೇಲಿದ್ದ ನನ್ನ ಕೈಯನ್ನು ನೋಡುತ್ತಿದ್ದೆ.